ನಿಮಗಿದು ಗೊತ್ತೇ? ಉಮರ್ಗಾದ 'ಆಯಿ' ಕಂಪ್ಯೂಟರ್ ಪಾಠದಲ್ಲೂ ಇದ್ದಾಳೆ!

ಕನ್ನಡ, ಮರಾಠಿ ಬೆರೆತ ಗಡಿಯೂರು ಉಮರ್ಗಾದ ಒಂದು ಓಣಿ. ಅಕ್ಕಪಕ್ಕ ಎರಡು ಮನೆ. ಎರಡೂ ಬಾಗಿಲಲ್ಲಿ ನಿಂತು "ಆಯಿ" ಎಂದು ಕೂಗಿ ನೋಡಿ. ಕನ್ನಡದವರ ಮನೆಯಿಂದ ಅಜ್ಜಿ ಹೊರಗೆ ಬರುತ್ತಾಳೆ. ಮರಾಠಿಯವರ ಮನೆಯಿಂದ ಅಮ್ಮ ಬರುತ್ತಾಳೆ! ಕೂಗು ಒಂದೇ, ಓಗೊಟ್ಟವರು ಬೇರೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯಲು ಕೂತ ಕಾಲೇಜು ಹುಡುಗರು 'ಪಾಲಿಮಾರ್ಫಿಸಮ್' ಎಂಬ ಹೆಸರು ಕೇಳಿಯೇ ಬೆವರುತ್ತಾರಲ್ಲ, ಆ ಪಾಠ ಇಷ್ಟೇ!

ಇನ್ನೂ ಒಂದು ಬೇಕೆ? ನಮಗೆ "ತಾಯಿ" ಎಂದರೆ ಹೆತ್ತವಳು. ಮರಾಠಿಯಲ್ಲಿ "ತಾಈ" ಎಂದರೆ ಅಕ್ಕ! ಕಿವಿಗೆ ಹೆಚ್ಚುಕಡಿಮೆ ಒಂದೇ ಸದ್ದು. ಗಡಿಯಲ್ಲಿ ಬೆಳೆದ ಮಗು ಯಾವ ಮನೆಯಲ್ಲಿದ್ದೇನೆಂದು ನೋಡಿಕೊಂಡೇ ಅರ್ಥ ಹಿಡಿಯುತ್ತದೆ. ಒಂದೇ ಹೆಸರು ಎರಡು ಮನೆಗಳಲ್ಲಿ ಜಗಳವಿಲ್ಲದೆ ಬಾಳಲು ಕಂಪ್ಯೂಟರ್ ಭಾಷೆಯಾದ ಸಿ ಪ್ಲಸ್ ಪ್ಲಸ್‌ನಲ್ಲೂ ಒಂದು ಏರ್ಪಾಡಿದೆ. ಅದರ ಹೆಸರು 'ನೇಮ್‌ಸ್ಪೇಸ್'!

ಪಾಲಿಮಾರ್ಫಿಸಮ್ ಗ್ರೀಕ್ ಮೂಲದ ಮಾತು. ಬಿಡಿಸಿದರೆ ಏನು ಸಿಗುತ್ತದೆ ಗೊತ್ತೇ? ಬಹು ರೂಪ! ಬಗೆಬಗೆಯ ವೇಷ ಹಾಕಿ ಮನೆಮನೆಗೆ ಬರುವ ಕಲಾವಿದನನ್ನು ಕನ್ನಡದಲ್ಲೂ ಮರಾಠಿಯಲ್ಲೂ ಕರೆಯುವುದು ಬಹುರೂಪಿ ಎಂದೇ. ಇಂದು ರಾಮ, ನಾಳೆ ಪೊಲೀಸ್, ಆದರೆ ಬಂದವನು ಒಬ್ಬನೇ!

ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು? ಇಟ್ಟಂಗಿ ಅಚ್ಚು ನೋಡಿದ್ದೀರಲ್ಲ. ಅಚ್ಚು ಒಂದೇ, ಅದರಿಂದ ತೆಗೆದ ಇಟ್ಟಂಗಿ ಸಾವಿರ. ಅಚ್ಚು ಕ್ಲಾಸ್, ಇಟ್ಟಂಗಿ ಆಬ್ಜೆಕ್ಟ್. ಗೋಡೆ ಏಳುವುದು ಇಟ್ಟಂಗಿಯಿಂದ, ಅಚ್ಚಿನಿಂದಲ್ಲ!

ಒಳಗೆ ಏನೂ ಇಲ್ಲದ ಖಾಲಿ ಕ್ಲಾಸ್ ಬರೆದು, ಅದರ ಆಬ್ಜೆಕ್ಟ್ ಎಷ್ಟು ಜಾಗ ತಿನ್ನುತ್ತದೆಂದು ಸಿ ಪ್ಲಸ್ ಪ್ಲಸ್‌ನಲ್ಲಿ ಕೇಳಿ. ಸೊನ್ನೆ ಎಂದುಕೊಂಡಿರಾ? ಸಾಮಾನ್ಯವಾಗಿ ಬರುವ ಉತ್ತರ 1 ಬೈಟ್! ಎರಡು ಖಾಲಿ ಆಬ್ಜೆಕ್ಟ್‌ಗಳಿದ್ದರೂ ಎರಡಕ್ಕೂ ಬೇರೆ ಬೇರೆ ವಿಳಾಸ ಇರಲೇಬೇಕು. ಅದಕ್ಕೇ ಆ ಒಂದು ಬೈಟು!

ಈಗ ಉದಗೀರ್ ಕೋಟೆಯ ಕಡೆ ಬನ್ನಿ. ಆ ಕೋಟೆ ನಿಂತಲ್ಲಿಂದ ಒಂದು ಇಂಚೂ ಕದಲಿಲ್ಲ. ಆದರೆ ಉದಗೀರ್ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿತ್ತು. ಬೆಳಗಾಗುವಷ್ಟರಲ್ಲಿ ಮುಂಬಯಿ ರಾಜ್ಯ! ಜಿಲ್ಲೆ ಉಸ್ಮಾನಾಬಾದ್ ಆಯಿತು. 1960ರಲ್ಲಿ ರಾಜ್ಯ ಮತ್ತೆ ಬದಲಾಗಿ ಮಹಾರಾಷ್ಟ್ರವಾಯಿತು. 1982ರಲ್ಲಿ ಜಿಲ್ಲೆ ಬದಲಾಗಿ ಲಾತೂರ್ ಆಯಿತು. ನಿಲಂಗಾದ ಕಥೆಯೂ ಅಕ್ಷರಶಃ ಇದೇ. ಒಂದೇ ಬದುಕಿನಲ್ಲಿ ಮೂರು ರಾಜ್ಯ, ಮೂರು ಜಿಲ್ಲೆ ಕಂಡ ಮುತ್ಯಾ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ! ಆಬ್ಜೆಕ್ಟ್ ಅದೇ ಇರುತ್ತದೆ, ಅದರೊಳಗಿನ ಬೆಲೆಗಳು ಬದಲಾಗುತ್ತವೆ ಎಂದು ಮೇಷ್ಟ್ರು ಹೇಳುವುದು ಇದನ್ನೇ. ಆ ಒಳಗಿನ ಬೆಲೆಗಳಿಗೆ ಈ ಪಾಠದಲ್ಲಿ ಏನೆನ್ನುತ್ತಾರೆ ಗೊತ್ತೇ? ಸ್ಟೇಟ್!

ಉಮರ್ಗಾದ್ದು ಇದರ ತದ್ವಿರುದ್ಧ. ಅದು ಜಿಲ್ಲೆ ಬದಲಿಸಲಿಲ್ಲ, ಜಿಲ್ಲೆಯೇ ಹೆಸರು ಬದಲಿಸಿತು! 2023ರಲ್ಲಿ ಉಸ್ಮಾನಾಬಾದ್ ಧಾರಾಶಿವ ಆಯಿತು.

ಪದವಿ ಪತ್ರದಲ್ಲೂ ಒಂದು ಬೆರಗಿದೆ. ಉಮರ್ಗಾ ಕಾಲೇಜಿನ ಹುಡುಗಿಗೆ ಪದವಿ ಕೊಡುವುದು 1958ರ ಮರಾಠವಾಡಾ ವಿಶ್ವವಿದ್ಯಾಲಯ, ಈಗ ಅದಕ್ಕೆ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಹೆಸರು. ನಿಲಂಗಾ, ಉದಗೀರ್ ಹುಡುಗಿಯರಿಗೆ ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ವಿಶ್ವವಿದ್ಯಾಲಯ. ಇದು ಹುಟ್ಟಿದ್ದು 1994ರಲ್ಲಿ, ಮರುವರ್ಷವೇ ಜಾವಾ ಭಾಷೆ ಲೋಕಕ್ಕೆ ಬಂತು!

ಸಿ ಪ್ಲಸ್ ಪ್ಲಸ್ ಎಂದರೆ ನಮ್ಮ ಕಾಲೇಜುಗಳ ಎಷ್ಟೋ ಹಳೆಯ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ನೀಲಿ ಪರದೆ. ಅದು ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಪ್ಲಸ್ ಪ್ಲಸ್, 1990ರ ಸರಕು! ಭಾಷೆಗೆ ಜಾಗತಿಕ ಮಾನದಂಡ ಬಂದದ್ದು 1998ರಲ್ಲಿ. ಅಂದರೆ ನೀಲಿ ಪರದೆಯಲ್ಲಿ ಕಲಿತವರು ಕಲಿತದ್ದು ನಿಯಮ ಗಟ್ಟಿಯಾಗುವ ಮೊದಲಿನ ಭಾಷೆ. ಅಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಂ ಹೊಸ ಕಂಪೈಲರ್‌ನಲ್ಲಿ ಮೊದಲ ಸಾಲಿಗೇ ಮುಗ್ಗರಿಸಬಹುದು!

ಪಕ್ಕದ ಬೆಂಚಿನವರನ್ನು "ಬಾಲಗುರುಸ್ವಾಮಿ ತಂದೀಯೇನು?" ಎಂದು ಕೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಅದು ಸಿ ಪ್ಲಸ್ ಪ್ಲಸ್ ಪುಸ್ತಕ! ಬರೆದವರು ಇ. ಬಾಲಗುರುಸ್ವಾಮಿ, ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಪುಸ್ತಕದ ಹೆಸರನ್ನೇ ನುಂಗಿ ಕೂತ ಲೇಖಕರು ಎಷ್ಟು ಜನ ಇದ್ದಾರು!

ಈ ಆಬ್ಜೆಕ್ಟ್ ಓರಿಯೆಂಟೆಡ್ ವಿದ್ಯೆ ಹುಟ್ಟಿದ್ದು ಎಲ್ಲಿ? ಅಮೆರಿಕ ಎಂದಿರಾ? ಅಲ್ಲ, ನಾರ್ವೆಯ ಓಸ್ಲೋದಲ್ಲಿ! 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ 'ಸಿಮ್ಯುಲಾ' ಎಂಬ ಭಾಷೆ ಕಟ್ಟಿದರು. ಸರತಿ ಸಾಲಿನಂಥ ಲೋಕದ ವ್ಯವಹಾರಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವುದು ಅವರ ಆಸೆ. 1967ರ ಆವೃತ್ತಿಯಲ್ಲಿ ಕ್ಲಾಸ್, ಆಬ್ಜೆಕ್ಟ್, ತಾಯಿ ಕ್ಲಾಸಿನ ಗುಣ ಮಗು ಕ್ಲಾಸಿಗೆ ಇಳಿಯುವ ಇನ್‌ಹೆರಿಟೆನ್ಸ್ ಮೂರೂ ಬಂದುಬಿಟ್ಟಿದ್ದವು! ನಮ್ಮ ಹುಡುಗರು ಹೊಸದೆಂದು ಕಲಿಯುವ ಪಾಠಕ್ಕೆ ಅಜ್ಜನ ವಯಸ್ಸು.

ಅದೇ ನೈಗಾರ್ಡ್ ಯುರೋಪಿಯನ್ ಒಕ್ಕೂಟಕ್ಕೆ ಸೇರುವುದು ಬೇಡವೆಂದು ನಾರ್ವೆಯಲ್ಲಿ ದೊಡ್ಡ ಚಳವಳಿ ನಡೆಸಿದರು. 1994ರ ಜನಮತಗಣನೆಯಲ್ಲಿ ಗೆದ್ದದ್ದೂ ಅವರ ಬಣವೇ! ಇಬ್ಬರು ಗೆಳೆಯರಿಗೂ ಸೇರಿ ಕಂಪ್ಯೂಟರ್ ಲೋಕದ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ಆರೇ ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

'ಆಬ್ಜೆಕ್ಟ್ ಓರಿಯೆಂಟೆಡ್' ಎಂಬ ಹೆಸರಿಟ್ಟ ಅಲನ್ ಕೇ ಗಣಿತದ ಜೊತೆ ಜೀವಶಾಸ್ತ್ರ ಓದಿದವರು. ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಿಕೊಂಡು ಬದುಕುವಂತೆ ಪ್ರೋಗ್ರಾಂ ತುಣುಕುಗಳೂ ಬದುಕಲಿ ಎಂಬುದು ಅವರ ಕನಸು. ಮೇಲಾಗಿ ಅವರು ಜಾಝ್ ಗಿಟಾರ್ ವಾದಕರು!

ಸಿ ಪ್ಲಸ್ ಪ್ಲಸ್ ಕಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಡೆನ್ಮಾರ್ಕಿನವರು. ಸಿ ಶಾರ್ಪ್ ಕಟ್ಟಿದ ಆಂಡರ್ಸ್ ಹೈಲ್ಸ್‌ಬರ್ಗ್ ಕೂಡ ಡೆನ್ಮಾರ್ಕಿನವರೇ! ಅಷ್ಟು ಪುಟ್ಟ ದೇಶ, ನೋಡಿ!

ಜಾವಾಕ್ಕೆ ಮೊದಲಿದ್ದ ಹೆಸರು 'ಓಕ್'. ಅದನ್ನು ಕಟ್ಟಿದ ಜೇಮ್ಸ್ ಗೊಸ್ಲಿಂಗ್ ಅವರ ಕಚೇರಿಯ ಹೊರಗಿದ್ದ ಮರದ ಹೆಸರದು! ಆ ಹೆಸರು ಬೇರೆಯವರ ಪಾಲಾಗಿದ್ದರಿಂದ ಮರ ಹೋಗಿ 'ಜಾವಾ' ಎಂಬ ಕಾಫಿ ಬಂತು. ಇಂದಿಗೂ ಪ್ರತಿ ಜಾವಾ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳನ್ನು ಕಂಪ್ಯೂಟರ್ ಲೆಕ್ಕದ ಅಂಕಿಗಳಲ್ಲಿ ಓದಿದರೆ 'ಕೆಫೆ ಬೇಬ್' ಎಂದು ಕಾಣುತ್ತದೆ! ನಮ್ಮ ಜೋಳದ ಸೀಮೆಯ ಹುಡುಗ ಬರೆದ ಫೈಲಿನಲ್ಲೂ ಅದೇ ಗುರುತು.

ಸಿ ಪ್ಲಸ್ ಪ್ಲಸ್‌ನಲ್ಲಿ 'ಫ್ರೆಂಡ್' ಎಂಬ ಪದವಿದೆ. ಫ್ರೆಂಡ್ ಆದವನು ನಿಮ್ಮ ಗುಟ್ಟಿನ ಪೆಟ್ಟಿಗೆ ತೆರೆಯಬಹುದು. ಆದರೆ ನೀವು ಅವನದನ್ನು ತೆರೆಯುವಂತಿಲ್ಲ! ಗೆಳೆಯನ ಗೆಳೆಯನಿಗೂ ಪ್ರವೇಶವಿಲ್ಲ. ಅಪ್ಪನ ಗೆಳೆಯ ಮಗನಿಗೆ ತಾನಾಗಿಯೇ ಗೆಳೆಯನಾಗುವುದೂ ಇಲ್ಲ. ಎಷ್ಟು ಕಟ್ಟುನಿಟ್ಟು!

ಆಬ್ಜೆಕ್ಟ್ ಹುಟ್ಟುವಾಗ ಮೊದಲು ತಾಯಿ ಕ್ಲಾಸಿನ ಭಾಗ, ಆಮೇಲೆ ಮಗುವಿನದು. ಅಳಿಯುವಾಗ? ಉಲ್ಟಾ! ಮನೆ ಕಟ್ಟಲು ಮೊದಲು ಬುನಾದಿ, ಕೆಡವಲು ಮೊದಲು ಮಾಳಿಗೆ.

ಜಾವಾದಲ್ಲಿ ಎರಡು 'ಇಂಟಿಜರ್' ಆಬ್ಜೆಕ್ಟ್ ಮಾಡಿ, ಎರಡಕ್ಕೂ ನೇರವಾಗಿ 127 ಎಂದು ಬೆಲೆ ಕೊಡಿ. ಎರಡು ಸಮಚಿಹ್ನೆ ಹಾಕಿ ಸಮವೇ ಎಂದು ಕೇಳಿ. ಹೌದು ಎನ್ನುತ್ತದೆ. ಈಗ 128 ಕೊಟ್ಟು ಕೇಳಿ. ಅಲ್ಲ ಎನ್ನುತ್ತದೆ! ಚಿಕ್ಕ ಸಂಖ್ಯೆಗಳ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಎಲ್ಲರಿಗೂ ಅದನ್ನೇ ಹಂಚುತ್ತದೆ. 127 ದಾಟಿತೋ, ಪ್ರತಿ ಸಲ ಹೊಸದು. ಬೆಲೆ ಒಂದೇ ಆದರೂ ಆಬ್ಜೆಕ್ಟ್ ಬೇರೆ!

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಈಗ ಬರುತ್ತಿದೆ. ಜಾವಾದಲ್ಲಿ, ಪೈಥಾನ್‌ನಲ್ಲಿ ಕ್ಲಾಸಿಗೆ ಕನ್ನಡದಲ್ಲೇ ಹೆಸರಿಡಬಹುದು! 'ಮುತ್ಯಾ' ಎಂದು ಬರೆಯಿರಿ, ಕಂಪ್ಯೂಟರ್ ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕೆ ನಮ್ಮ 'ಅ' ಎಂದರೆ 3205ನೇ ಸಂಖ್ಯೆ. ಮರಾಠಿಯ 'ಅ' 2309!

ಹಾಗಾದರೆ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರ ಎಂದು ಜಾವಾವನ್ನು ಕೇಳೋಣ. ಉ, ಮ, ರ್ಗಾ: ನಮ್ಮ ಕಣ್ಣಿಗೆ ಮೂರು. ಜಾವಾ ಹೇಳುವುದು 6! ಒತ್ತಿನ ಹಿಂದೆ ಅಡಗಿದ ಹಲಂತ, ಗಕಾರದ ದೀರ್ಘ, ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ನಿಲಂಗಾ ಎಂದು ಕೊಡಿ, ಮತ್ತೆ 6. ಉದಗೀರ್ ಎಂದು ಕೊಡಿ, ಅದೂ 6! ಗಡಿಯ ಮೂರೂ ಊರು ಕನ್ನಡದಲ್ಲಿ ಸರಿಸಮ. ಈಗ ಉಮರ್ಗಾವನ್ನು ಮರಾಠಿಯವರು ಬರೆಯುವಂತೆ, ಒತ್ತಿಲ್ಲದೆ 'ಉಮರಗಾ' ಎಂದು ದೇವನಾಗರಿಯಲ್ಲಿ ಬರೆದು ಎಣಿಸಿ. ಅದೇ ಊರು, ಅದೇ ಬಸ್‌ಸ್ಟ್ಯಾಂಡು, ಅದೇ ಹೈದರಾಬಾದ್ ರಸ್ತೆ. ಆದರೆ ಲೆಕ್ಕ 5!