ಕಟ್ಟುವ ಮೊದಲೇ ಅಣೆಕಟ್ಟನ್ನು ಪರೀಕ್ಷಿಸಿದ ಎಂಜಿನಿಯರ್

ಹೊಸ ತಳಿಯ ಬೀಜ ಬಂದರೆ ನೀವು ಇಡೀ ಹೊಲಕ್ಕೆ ಅದನ್ನೇ ಬಿತ್ತುವುದಿಲ್ಲ. ಎರಡು ಗುಂಟೆಯಲ್ಲಿ ಹಾಕಿ, ಬೆಳೆ ನೋಡಿ, ಆಮೇಲೆ ಮುಂದುವರಿಯುತ್ತೀರಿ. ಬೀಜ ಕೆಟ್ಟರೆ ಒಂದು ವರ್ಷದ ಬೆಳೆ ಹೋದೀತು. ಅಣೆಕಟ್ಟು ಕೆಟ್ಟರೆ?

1928ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ನಡುರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ತಳದ ಬಂಡೆ ಗಟ್ಟಿಯಿರಲಿಲ್ಲ. ಎಷ್ಟೇ ದೊಡ್ಡವನಾದರೂ ಒಬ್ಬನ ತೀರ್ಮಾನಕ್ಕೇ ಇಂಥ ಕೆಲಸ ಬಿಡಬಾರದೆಂದು ವಿಚಾರಣೆ ನಡೆಸಿದ ಪಂಚರು ಹೇಳಿದರು.

ಅದೇ ಕಾಲಕ್ಕೆ ಕೊಲರಾಡೊ ನದಿಗೆ ಅದರ ಮೂರು ಪಾಲಿಗೂ ಹೆಚ್ಚು ಎತ್ತರದ, 726 ಅಡಿಯ ಹೂವರ್ ಅಣೆಕಟ್ಟಿನ ಯೋಜನೆ ಸಿದ್ಧವಾಗುತ್ತಿತ್ತು. ವಿನ್ಯಾಸದ ಹೊಣೆ ಹೊತ್ತವರು ಜಾನ್ ಲೂಸಿಯನ್ ಸ್ಯಾವೇಜ್.

1879ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಸ್ಯಾವೇಜ್, 1903ರಲ್ಲಿ ಪದವಿ ಪಡೆದು ಅಮೆರಿಕ ಸರ್ಕಾರದ ನೀರಾವರಿ ಇಲಾಖೆ ಸೇರಿದರು. ಪಶ್ಚಿಮ ರಾಜ್ಯಗಳ ಸರ್ಕಾರಿ ಭೂಮಿ ಮಾರಿ ಬಂದ ಹಣದಿಂದ ಒಣನೆಲಕ್ಕೆ ನೀರು ಕೊಡಬೇಕೆಂಬ 1902ರ ಕಾಯಿದೆಯಿಂದ ಹುಟ್ಟಿದ ಇಲಾಖೆ ಅದು. ನಡುವೆ ಕೆಲವು ವರ್ಷ ಹೊರಗೆ ದುಡಿದು ಮರಳಿದ ಅವರು, 1924ರಿಂದ 1945ರವರೆಗೆ ಮುಖ್ಯ ವಿನ್ಯಾಸ ಎಂಜಿನಿಯರ್ ಆಗಿದ್ದರು.

ಹೂವರ್ ಅಣೆಕಟ್ಟಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಅದರ ಪುಟ್ಟ ಮಾದರಿ ಮಾಡಿಸಿದರು. ಪುಟ್ಟ ಮಾದರಿಯನ್ನು ಒತ್ತಲು ನೀರಿನ ಭಾರ ಸಾಲದು. ಆದ್ದರಿಂದ ನೀರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಭಾರದ ಪಾದರಸದಿಂದ ಒತ್ತಿಸಿ, ಎಲ್ಲಿ ಎಷ್ಟು ಬಾಗುತ್ತದೆಂದು ಅಳೆದರು. ಆ ಅಳತೆಯನ್ನು ಕಾಗದದ ಲೆಕ್ಕಕ್ಕೆ ತಾಳೆ ನೋಡಿದರು.

ಇನ್ನೊಂದು ತೊಡಕಿತ್ತು. ಸಿಮೆಂಟ್ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಅಷ್ಟು ದಪ್ಪದ ಗೋಡೆ ತಾನಾಗಿ ತಣಿಯಲು ನೂರು ವರ್ಷಕ್ಕೂ ಮಿಕ್ಕಿ ಬೇಕಾಗುತ್ತಿತ್ತು. ತಣಿಯುತ್ತ ಬಿರುಕು ಬಿಡುತ್ತಿತ್ತು. ಅದಕ್ಕಾಗಿ ಅಣೆಕಟ್ಟನ್ನು ಅಚ್ಚುಗಳಾಗಿ ಎರೆದು, ಒಳಗೆ ಕೊಳವೆ ಹುದುಗಿಸಿ, ತಣ್ಣೀರು ಹರಿಸಿದರು. ತಣಿದ ಮೇಲೆ ಕೊಳವೆಗಳಿಗೂ ಸಂದುಗಳಿಗೂ ಸಿಮೆಂಟ್ ರಸ ತುಂಬಿದರು. 1935ರಲ್ಲಿ ಉದ್ಘಾಟನೆಯಾದ ಅಣೆಕಟ್ಟು ಇಂದಿಗೂ ನಿಂತಿದೆ. ಇಂಪೀರಿಯಲ್ ಕಣಿವೆಯ ಹೊಲಗಳಿಗೆ ನೀರು ಅದರ ಕೆಳಗಿನಿಂದಲೇ ಹೋಗುತ್ತದೆ.

ಇದು ಒಬ್ಬರ ಕೆಲಸವಲ್ಲ. ಡೆನ್ವರ್ ಕಚೇರಿಯ ನೂರಾರು ಎಂಜಿನಿಯರುಗಳನ್ನು ಕೂಡಿಸಿ ದುಡಿಸಿದ್ದೇ ಸ್ಯಾವೇಜ್ ಅವರ ಹೆಚ್ಚುಗಾರಿಕೆ. ಗ್ರ್ಯಾಂಡ್ ಕೂಲೀ, ಶಾಸ್ತಾ ಅಣೆಕಟ್ಟುಗಳೂ ಅವರ ಕಾಲದವೇ. 1945ರಲ್ಲಿ ಎಂಜಿನಿಯರುಗಳಿಗೆ ಸಲ್ಲುವ ದೊಡ್ಡ ಗೌರವವಾದ ಜಾನ್ ಫ್ರಿಟ್ಜ್ ಪದಕ ಅವರಿಗೆ ಸಂದಿತು. ನಮ್ಮ ಸಟ್ಲೆಜ್ ನದಿಯ ಭಾಕ್ರಾ ಅಣೆಕಟ್ಟಿಗೂ ಅವರು ಸಲಹೆ ನೀಡಿದ್ದರು. 1967ರಲ್ಲಿ ತೀರಿಕೊಂಡರು.

ನಿಮ್ಮೂರಿನ ಕೆರೆ ಏರಿಯನ್ನೋ ಒಡ್ಡನ್ನೋ ಕಟ್ಟಲು ಬಂದವರನ್ನು ನೀವೂ ಕೇಳಿ: ತಳದ ಮಣ್ಣು ನೋಡಿದ್ದೀರಾ? ದೊಡ್ಡ ಮಳೆ ಬಂದರೆ ಕೋಡಿ ಅಷ್ಟು ನೀರನ್ನು ಹೊರಹಾಕೀತೇ? ಈ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಿದ್ದಾರೆಯೇ? ಕೇಳುವುದು ತಪ್ಪಲ್ಲ. ಏರಿಯ ಕೆಳಗೆ ಗದ್ದೆಯಿರುವುದು ನಿಮ್ಮದು, ಮನೆಯಿರುವುದೂ ನಿಮ್ಮದೇ.