ಗುಜರಿ ತಕ್ಕಡಿಯಲ್ಲಿ ಒಂದು ರಾತ್ರಿಯ ಹಾಡು

ಸಾಣಾಪುರ: ಅಟ್ಟದ ಮೇಲಿನ ಹಳೇ ಗ್ರಾಮೋಫೋನ್ ಪ್ಲೇಟುಗಳನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಮನೆಯವರು ಒಮ್ಮೆ ಲೇಬಲ್ ಓದುವುದು ಒಳ್ಳೇದು. ಸಿನಿಮಾ ಹಾಡಾದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಜನಪದ ಹಾಡುಗಾರರು ಮಂದಿಯ ಮುಂದೆ ಕೂತು ಹಾಡಿದ ಪ್ಲೇಟಾದರೆ? ಆ ರಾತ್ರಿ ಮತ್ತೆ ಬರೋದಿಲ್ಲ.

ಸ್ಟುಡಿಯೋ ಹಾಡಿಗೂ ಮಂದಿ ಮುಂದಿನ ಹಾಡಿಗೂ ಬಹಳ ಫರಕು. ಮಂದಿ ನಕ್ಕರೆ ಹಾಡುಗಾರರು ಕಥೆ ಹಿಗ್ಗಿಸುತ್ತಾರೆ, ಆಕಳಿಸಿದರೆ ಓಡಿಸುತ್ತಾರೆ. ಚಪ್ಪಾಳೆ, ಕೆಮ್ಮು, 'ಭಲೆ' ಅನ್ನುವ ಕೂಗು, ಎಲ್ಲವೂ ಹಾಡಿನ ಭಾಗವೇ.

ಹೊಳೆಯಾಚೆಯ ದರೋಜಿಯ ಬುರ್ರಕಥಾ ಈರಮ್ಮನವರ ಹೆಸರು ಈ ಭಾಗದವರಿಗೆ ಹೊಸದೇನಲ್ಲ. ಬುಡ್ಗ ಜಂಗಮರ ಮನೆತನ. ಅಕ್ಷರ ಕಲಿಯಲಿಲ್ಲ, ಆದರೆ 12 ಕಾವ್ಯ ಬಾಯಿಪಾಠ. ಕುಮ್ಮಟದುರ್ಗದ ಕುಮಾರರಾಮನ ಕಥೆಯೂ ಅದರಲ್ಲಿ ಒಂದು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಇಂಥ ಕಥೆಯನ್ನು ಪ್ಲೇಟಿಗೆ ಇಳಿಸುವುದು ಹೇಗೆ? ಲೆಕ್ಕ ಹಾಕಿ ನೋಡಿ. ಹಳೇ 78 ವೇಗದ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. ರಾತ್ರಿ 8 ತಾಸಿನ ಕಥೆಗೆ 80 ಪ್ಲೇಟು ಬೇಕು! ಮಗ್ಗುಲಿಗೆ 20 ನಿಮಿಷ ಹಿಡಿಯುವ ಎಲ್‌.ಪಿ. ಆದರೂ 12 ಬೇಕು. ಹೀಗಾಗಿ ಪ್ಲೇಟಿಗೆ ಹೋದದ್ದು ತುಂಡು ಹಾಡು. ಪಿ. ಕಾಳಿಂಗರಾಯರು ಜನಪದ ಗೀತೆಗಳನ್ನು ಪ್ಲೇಟಿನ ಮೇಲೆ ಮನೆಮನೆಗೆ ಮುಟ್ಟಿಸಿದ್ದೂ ಈ ಅಳತೆಯಲ್ಲೇ.

ದೊಡ್ಡ ಕಂಪನಿಗಳ ಕಥೆಯೂ ಬೇರೆಯಲ್ಲ. ಅಮೆರಿಕದ ಜನಪದ ಹಾಡುಗಾರ ಪೀಟ್ ಸೀಗರ್ 1963ರ ಜೂನ್ 8ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಹಾಡಿದರು. 'ವಿ ಶಲ್ ಓವರ್‌ಕಮ್' ಹಾಡಿಗೆ ಸಭೆಯೂ ದನಿಗೂಡಿಸಿತು. ನಮ್ಮ ಶಾಲೆ, ಚಳವಳಿಗಳಲ್ಲೂ ಕನ್ನಡದಲ್ಲಿ ಕೇಳಿಬರುವ ಹಾಡದು. ಆಗ ಹೊರಟ ಎಲ್‌.ಪಿ.ಯಲ್ಲಿ ಕಛೇರಿಯ ಒಂದು ಪಾಲಷ್ಟೇ ಹಿಡಿಯಿತು. ಇಡೀ ಕಛೇರಿ ಎರಡು ಸಿ.ಡಿ.ಗಳಲ್ಲಿ ಬಂದದ್ದು 1989ರಲ್ಲಿ. ಮೂಲ ಟೇಪು ಜೋಪಾನವಾಗಿದ್ದಕ್ಕೆ ಅದು ಸಾಧ್ಯವಾಯಿತು.

ಸೆಕೆಂಡ್ ಹ್ಯಾಂಡ್ ಪ್ಲೇಟು ಕೊಳ್ಳುವವರು ನಾಲ್ಕು ಮಾತು ನೆನಪಿಡಬೇಕು. ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಸಪಾಟು ಮೇಜಿನ ಮೇಲಿಟ್ಟು ಸೊಟ್ಟಾಗಿದೆಯೋ ಪರೀಕ್ಷಿಸಿ. ತಗಡಿನ ಮಾಡಿನ ಕೆಳಗೆ ನಮ್ಮ ಬಿಸಿಲಿಗೆ ವಿನೈಲ್ ಬಾಗದೆ ಇರದು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. 78ರ ದಪ್ಪ ಮುಳ್ಳನ್ನು ಎಲ್‌.ಪಿ.ಗೆ ಇಟ್ಟಿರೋ, ಗೆರೆ ಕಿತ್ತುಹೋಯಿತೆಂದೇ ತಿಳಿಯಿರಿ. ಅರಗಿನ ಹಳೇ ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗೇ ಕರಗುತ್ತದೆ.

'ಅಜ್ಜನ ಕಾಲದ್ದು, ಯಾರು ಕೇಳ್ತಾರ ಬಿಡ್ರೀ' ಅನ್ನುವುದು ಸುಲಭ. ಅಜ್ಜ ಕೇಳಿದ್ದನ್ನು ಮೊಮ್ಮಗ ಕೇಳಬೇಕಾದರೆ ಪ್ಲೇಟು ಉಳಿಯಬೇಕಲ್ಲ! ಆಡಿಸುವ ಯಂತ್ರ ಇದ್ದವರ ಹತ್ತಿರ ಒಯ್ದು ಪ್ರತಿ ಮಾಡಿಸಿದರೆ ಧ್ವನಿಯಾದರೂ ಉಳಿದೀತು.

ಪ್ಲೇಟಿಗೆ ಏರದ ಕಥೆಗಳ ಗತಿಯೇನು? ಕಥೆ ಪುಸ್ತಕವಾದರೂ ದನಿ ಅಚ್ಚಾಗೋದಿಲ್ಲ. ಇಂದು ಪ್ರತಿಯೊಬ್ಬರ ಜೇಬಿನಲ್ಲಿ ಮೊಬೈಲ್ ಇದೆ, ಅದಕ್ಕೆ 8 ತಾಸು ದೊಡ್ಡದಲ್ಲ. ಜಾತ್ರೆಯಲ್ಲಿ ಬುರ್ರಕಥೆ, ಗೀಗೀಪದ ನಡೆದಾಗ ಹಾಡುಗಾರರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಇಡೀ ರಾತ್ರಿ ಹಿಡಿದಿಡಬಹುದು. ಊರ ಹಿರಿಯರು, ಜಾತ್ರಾ ಕಮಿಟಿಯವರು ಈ ಬಗ್ಗೆ ಮನಸ್ಸು ಮಾಡುವರೇ?