ಅಡುಗೆ ಸೋಡಾ: ಹಸುವಿಗೆ ಯಾವಾಗ ಕೊಡಬೇಕು, ಯಾವಾಗ ಕೊಡಬಾರದು?



ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುವ ಅಡುಗೆ ಸೋಡಾ ನಿಮ್ಮೆಲ್ಲರ ಮನೆಯಲ್ಲೂ ಇರುತ್ತದೆ. ಹಸು ಮೇವು ಬಿಟ್ಟಿತೆಂದರೆ ಡಾಕ್ಟರಿಗೆ ಫೋನ್ ಮಾಡುವ ಮೊದಲೇ ಕೈ ಆ ಪೊಟ್ಟಣದ ಕಡೆಗೆ ಹೋಗುತ್ತದೆ. ಸೋಡಾವನ್ನು ನಾವೂ ಔಷಧಿಯಾಗಿ ಬಳಸುತ್ತೇವೆ. ಆದರೆ ಕಳೆದ ಮದುವೆ ಕಾಲದಲ್ಲಿ ಒಂದೇ ತಿಂಗಳಲ್ಲಿ ನಾನು ಎರಡು ಕೊಟ್ಟಿಗೆಗಳಿಗೆ ಹೋದೆ. ಎರಡೂ ಕಡೆ ನಾನು ಹೋಗುವ ಮೊದಲೇ ಸೋಡಾ ನೀರು ಕುಡಿಸಿದ್ದರು. ಒಂದು ಹಸು ಉಳಿಯಿತು, ಇನ್ನೊಂದು ಉಳಿಯಲಿಲ್ಲ.

ಮೊದಲ ಹಸು ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಎರಡು ಬಕೆಟ್ ತಿಂದಿತ್ತು. ಎರಡನೆಯದು ಹೊಲಕ್ಕೆಂದು ತಂದಿಟ್ಟ ಯೂರಿಯಾ ಚೀಲವನ್ನು ಹರಿದು ನೆಕ್ಕಿತ್ತು. ಮನೆಯವರಿಗೆ ಎರಡೂ "ಅಜೀರ್ಣ"ದಂತೆಯೇ ಕಂಡವು. ಆದರೆ ಹೊಟ್ಟೆಯೊಳಗೆ ನಡೆದದ್ದು ಒಂದಕ್ಕೊಂದು ತದ್ವಿರುದ್ಧ.

ಹೊಟ್ಟೆ ಹುಳಿಯಾದಾಗ

ಹಸುವಿನ ಮೆಲುಕು ಚೀಲ ಹುಲ್ಲು ಕರಗಿಸಲು ಆಗಿರುವ ಚೀಲ. ಅನ್ನ, ಮುದ್ದೆ, ಹೋಳಿಗೆ, ರಾಗಿ ಅಥವಾ ಜೋಳದ ಹಿಟ್ಟು ಒಮ್ಮೆಗೇ ಹೆಚ್ಚು ಬಿದ್ದರೆ ಅಲ್ಲಿ ಹುಳಿ ಏರುತ್ತದೆ. ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಸು ಮೆಲುಕು ನಿಲ್ಲಿಸುತ್ತದೆ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತದೆ, ತೂರಾಡುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಸೋಡಾ ಕ್ಷಾರ. ಹುಳಿಯನ್ನು ಮುರಿಯುತ್ತದೆ. ಮೊದಲ ಹಸುವಿಗೆ ಅದು ನೆರವಾದದ್ದು ಹೀಗೆ.

ಇಂಥ ಹೊತ್ತಿನಲ್ಲಿ ಮೊದಲು ಡಾಕ್ಟರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ, ಅವರನ್ನು ಕೇಳಿಕೊಂಡು, ದೊಡ್ಡ ಹಸುವಿಗೆ 100 ಗ್ರಾಂ ಅಡುಗೆ ಸೋಡಾವನ್ನು ಒಂದೂವರೆ ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಕುಡಿಸಬಹುದು. ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಎಳೆಯಬೇಡಿ. ಗೊಟ್ಟದಿಂದ ಸ್ವಲ್ಪಸ್ವಲ್ಪವೇ ಹಾಕಿ, ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಮಲಗಿದ, ನುಂಗಲಾರದ ಹಸುವಿಗೆ ಏನನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದ ಅನ್ನ, ಹಿಂಡಿ ಎತ್ತಿಟ್ಟು ಒಣಹುಲ್ಲು ಹಾಕಿ. ಒಮ್ಮೆಗೇ ಬಕೆಟ್‌ಗಟ್ಟಲೆ ನೀರು ಕುಡಿಯಲು ಬಿಡಬೇಡಿ. ತುಂಬಾ ಅನ್ನ ತಿಂದ ಹಸುವಿಗೆ ಸೋಡಾ ಒಂದೇ ಸಾಲದು, ರಕ್ತನಾಳಕ್ಕೆ ಔಷಧಿ ಬೇಕಾಗುತ್ತದೆ.

ಸೋಡಾ ಕೊಡಬಾರದ ಎರಡು ಸಂದರ್ಭ

ಯೂರಿಯಾ ಹೊಟ್ಟೆಗೆ ಹೋದರೆ ಅಲ್ಲಿ ಅಮೋನಿಯಾ ಆಗುತ್ತದೆ, ಹೊಟ್ಟೆ ಕ್ಷಾರವಾಗುತ್ತದೆ. ಅದರ ಮೇಲೆ ಸೋಡಾ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಗಂಟೆಯೊಳಗೇ ಮೈ ನಡುಕ, ಬಾಯಲ್ಲಿ ನೊರೆ, ಏದುಸಿರು ಕಾಣಿಸಿದರೆ ಯೂರಿಯಾ ಚೀಲದ ಕಡೆ ಒಮ್ಮೆ ನೋಡಿ. ಇಲ್ಲಿ ಬೇಕಾಗುವುದು ವಿನೆಗರ್‌ನಂಥ ಹುಳಿ. ಅದನ್ನೂ ಡಾಕ್ಟರ್ ಹೇಳಿದಷ್ಟೇ ಕೊಡಬೇಕು. ಆ ಎರಡನೆಯ ಮನೆಯವರು "ಸೋಡಾ ಕೊಟ್ಟಿದ್ದೇವಲ್ಲ, ನೋಡೋಣ" ಎಂದು ಎರಡು ಗಂಟೆ ಕಾದಿದ್ದರು. ಕಳೆದುಹೋದದ್ದು ಆ ಎರಡು ಗಂಟೆ.

ಇನ್ನೊಂದು, ಹೊಟ್ಟೆಯುಬ್ಬರ. ಎಡಪಕ್ಕೆ ತಮಟೆಯಂತೆ ಬಿಗಿದು ಹಸು ಉಸಿರಿಗೆ ಕಷ್ಟಪಡುತ್ತಿದ್ದರೆ ಸೋಡಾ ಬೇಡ. ಸೋಡಾ ಹುಳಿಯೊಂದಿಗೆ ಸೇರಿದರೆ ಇನ್ನಷ್ಟು ಗಾಳಿ ಹುಟ್ಟುತ್ತದೆ. ಹಸುವಿನ ಮುಂಗಾಲು ಎತ್ತರದ ಜಾಗದಲ್ಲಿರುವಂತೆ ನಿಲ್ಲಿಸಿ, ಡಾಕ್ಟರನ್ನು ಕರೆಸಿ.

ಫ್ಯಾಟ್ ಇಳಿದಾಗ

ಹೆಚ್ಚು ಹಾಲು ಕೊಡುವ ಸೀಮೆಹಸುವಿಗೆ ಹಿಂಡಿ, ಪಶು ಆಹಾರ ಜಾಸ್ತಿಯಾಗಿ ಹುಲ್ಲು ಕಡಿಮೆಯಾದರೆ ಒಳಗೊಳಗೇ ಹುಳಿ ಏರಿ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಮೊದಲು ಹುಲ್ಲು ಹೆಚ್ಚಿಸಿ, ಪಶು ಆಹಾರವನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಕೊಡಿ. ಆಮೇಲೂ ಬೇಕಿದ್ದರೆ ಡಾಕ್ಟರ್ ಸಲಹೆಯಂತೆ ಪಶು ಆಹಾರದ ಪ್ರತಿ ಕಿಲೋಗೆ ಸುಮಾರು 10 ಗ್ರಾಂ ಸೋಡಾ ಬೆರೆಸಬಹುದು.

ಕಾಲುಬಾಯಿ ಜ್ವರದಲ್ಲಿ ಬಾಯಿ ಹುಣ್ಣು ತೊಳೆಯಲು ಒಂದು ಲೀಟರ್ ನೀರಿಗೆ 20 ಗ್ರಾಂ ಅಡುಗೆ ಸೋಡಾ ಸಾಕು.

ಎರಡು ಸೋಡಾ ಬೇರೆ ಬೇರೆ

ಬಟ್ಟೆ ಒಗೆಯುವ ಸೋಡಾ ಅಡುಗೆ ಸೋಡಾ ಅಲ್ಲ. ಅದು ತೀಕ್ಷ್ಣ, ಹೊಟ್ಟೆಗೆ ಹೋದರೆ ಬಾಯಿ, ಗಂಟಲು ಸುಡುತ್ತದೆ. ಕಾಲುಬಾಯಿ ಜ್ವರ ಬಂದ ಕೊಟ್ಟಿಗೆ ತೊಳೆಯಲು ಮಾತ್ರ ಅದು ಒಳ್ಳೆಯದು: 10 ಲೀಟರ್ ನೀರಿಗೆ 400 ಗ್ರಾಂ. ಎರಡನ್ನೂ ಒಂದೇ ಕಡೆ ಇಡಬೇಡಿ.

ಹಾಲಿಗೆ ಮಾತ್ರ ಚಿಟಿಕೆಯೂ ಬೇಡ

ಬೇಸಿಗೆಯಲ್ಲಿ ಹಾಲು ಹುಳಿಯಾದೀತೆಂದು ಯಾರೋ ಸೋಡಾ ಹಾಕಲು ಹೇಳಿಕೊಡುತ್ತಾರೆ. ಸೋಡಾ ಹುಳಿಯನ್ನು ಮುಚ್ಚಿಡುತ್ತದೆಯೇ ಹೊರತು ಹಾಲು ಕೆಡಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಆ ಹಾಲು ಕುಡಿಯುವುದು ಯಾರದೋ ಮನೆಯ ಮಗು. ಹಾಲಿಗೆ ಸೋಡಾ ಬೆರೆಸುವುದು ಕಾನೂನಿನ ಪ್ರಕಾರ ಕಲಬೆರಕೆ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಅಂಥ ಹಾಲು ಗುಲಾಬಿ ಕೆಂಪಿಗೆ ತಿರುಗಿ ಸಿಕ್ಕಿಬೀಳುತ್ತದೆ. ಒಬ್ಬರ ಹಾಲಿನಿಂದ ಇಡೀ ಸಂಘದ ಹಾಲು ವಾಪಸ್ಸಾಗಬಹುದು. ಹಾಲು ಹುಳಿಯಾಗದಿರಲು ಕೆಚ್ಚಲು ತೊಳೆದು ಒರೆಸಿ, ಪಾತ್ರೆ ಉಜ್ಜಿ ಬಿಸಿಲಿಗೆ ಒಣಗಿಸಿ, ಕರೆದ ಹಾಲನ್ನು ತಡಮಾಡದೆ ಡೇರಿಗೆ ಮುಟ್ಟಿಸಿ.

ಇನ್ನು ಮುಂದೆ ಸೋಡಾ ಪೊಟ್ಟಣ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: "ನನ್ನ ಹಸು ಏನು ತಿಂದಿದೆ?" ಉತ್ತರ ಗೊತ್ತಿಲ್ಲದಿದ್ದರೆ ಪೊಟ್ಟಣ ಕೆಳಗಿಡಿ, ಫೋನ್ ಎತ್ತಿಕೊಳ್ಳಿ. ಡಾಕ್ಟರಿಗೂ ಮೊದಲು ಅದನ್ನೇ ಹೇಳಿ. ನಿಮ್ಮ ಆ ಒಂದು ಮಾತಿನಿಂದಲೇ ನಮ್ಮ ಅರ್ಧ ಚಿಕಿತ್ಸೆ ಮುಗಿಯುತ್ತದೆ.